ಕಾಬೂಲಿನ ಸಾವಿಗೆ ಕೊಂಢವಾದಲ್ಲೊಂದು ಮನೆ

"ನಿನ್ನ ಬಾಯಿ ಸುಮ್ನಿದ್ರ ನಿನ್ನ ನೌಕರೀನೂ ಸುಮ್ನಿರ್ತದ" ಎಂದು ನನ್ನ ಗಂಡ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾರೆ. ಆ ಮಾತಿಗೆ ನಾನು ಎಂದೂ ಕಿವಿಗೊಟ್ಟವಳಲ್ಲ. ಈಗ ಹೇಳಹೊರಟಿರುವ ಸಂಗತಿಯಲ್ಲಿ ನೌಕರಿ ಹೋಯಿತು, ಬಾಯಿ ಉಳಿಯಿತು. ಎರಡರಲ್ಲಿ ಒಂದನ್ನು ಇಟ್ಟುಕೋ ಎಂದು ಇವತ್ತು ಹೇಳಿದರೂ ನಾನು ಬಾಯಿಯನ್ನೇ ಇಟ್ಟುಕೊಳ್ಳುವವಳು.

ನಾನು ಮನಃಶಾಸ್ತ್ರ ಓದಿದವಳು. ವಿಜಯಪುರದ ಕಡೆಯಿಂದ ಲಗ್ನವಾಗಿ ಪುಣೆಗೆ ಬಂದು ಕಾಲೇಜೊಂದರಲ್ಲಿ ಬಹಳ ವರ್ಷ ಪಾಠ ಮಾಡಿದೆ. ಅದು ಸಾಕಾಗಿ, ನಿರಾಶ್ರಿತ ಕುಟುಂಬಗಳಿಗೆ ಮಾನಸಿಕ ನೆರವು ಕೊಡುವ ಒಂದು ಸಂಶೋಧನಾ ಯೋಜನೆಗೆ ಸೇರಿದೆ. ಯೋಜನೆಯ ಕಚೇರಿ ಇದ್ದದ್ದು ಊರಾಚೆ ಐಟಿ ಕಂಪನಿಗಳಿರುವ ಹಿಂಜವಾಡಿಯ ಗಾಜಿನ ಕಟ್ಟಡದಲ್ಲಿ. ಕೆಲಸ ನಡೆಯುತ್ತಿದ್ದದ್ದು ಕೊಂಢವಾದ ಬೇಕರಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ. ನಮ್ಮ ಮನೆಯೂ ಕೊಂಢವಾದಲ್ಲೇ, ಹಳೆಯ ಹೌಸಿಂಗ್ ಸೊಸೈಟಿಯೊಂದರ ನೆಲಮಹಡಿಯಲ್ಲಿ.

ನಮ್ಮ ಕೋಣೆಗಳಿಗೆ ಬರುತ್ತಿದ್ದವರು ಅಫಘಾನಿಸ್ತಾನದ ಕುಟುಂಬಗಳು. ಗಂಡಸರು ಇಲ್ಲಿ ಓದಲೆಂದು ಬಂದಿದ್ದರು, ಹಿಂದಿನಿಂದ ಹೆಂಡತಿ ಮಕ್ಕಳು ಬಂದರು. ಅಷ್ಟರಲ್ಲಿ ಅಲ್ಲಿ ಸರಕಾರ ಬದಲಾಗಿ ಹಿಂದಿರುಗುವ ದಾರಿ ಮುಚ್ಚಿಹೋಯಿತು. ಅವರಿಗಾಗಿ ನಮ್ಮ ಬಳಿ ಒಂದು ಕೈಪಿಡಿ ಇತ್ತು. ಉಸಿರಾಟ ಹೇಗೆ, ನಿದ್ದೆ ಹೇಗೆ, ಹೆದರಿದ ಮಕ್ಕಳ ಜೊತೆ ಮಾತು ಹೇಗೆ, ಹೀಗೆ ವಾರಕ್ಕೊಂದು ಪಾಠ. ಪಾಠಗಳು ಶುರುವಾಗುವ ಮುಂಚೆ ಮತ್ತು ಮುಗಿದ ಮೇಲೆ ಅದೇ ಪ್ರಶ್ನೆಗಳನ್ನು ಕೇಳಿ, ಎಷ್ಟು ಗುಣವಾಯಿತು ಎಂದು ಅಳೆಯುವುದು. ಕೈಪಿಡಿಯನ್ನು ನಾನು ಹೀಯಾಳಿಸುವುದಿಲ್ಲ. ಹಲವರಿಗೆ ಅದರಿಂದ ನಿದ್ದೆ ಬಂತು, ಮಕ್ಕಳನ್ನು ಹೊಡೆಯುವುದು ನಿಂತಿತು.

ಗುಣವಾಗದೆ ಉಳಿದವಳು ಒಬ್ಬ ತಾಯಿ. ಎತ್ತರದ ಹೆಂಗಸು, ಎರಡು ಹೆಣ್ಣುಮಕ್ಕಳು. ಯಾವಾಗ ಬಂದರೂ ಕೈಯಲ್ಲಿ ಚಹಾದ ಥರ್ಮಾಸ್, ನಮಗೆ ಕುಡಿಸದೆ ಮಾತು ಶುರು ಮಾಡುತ್ತಿರಲಿಲ್ಲ. ಹಿಂದಿಯನ್ನು ಟಿವಿ ಧಾರಾವಾಹಿ ನೋಡಿ ಕಲಿತವಳು, ಹೀಗಾಗಿ ಸಕ್ಕರೆ ಬೇಕೇ ಎಂದು ಕೇಳಿದರೂ ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಗತ್ತು ಇರುತ್ತಿತ್ತು. ಅವಳ ತಾಯಿ ಕಾಬೂಲಿನಲ್ಲಿ ತೀರಿಕೊಂಡು ಕೆಲವು ತಿಂಗಳಾಗಿದ್ದವು. ಸುದ್ದಿ ಬಂದದ್ದು ಫೋನಿನಲ್ಲಿ. ಅಂದಿನಿಂದ ಈಕೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಳು. ನೆಲದ ಮೇಲೆ ಬಟ್ಟೆ ಹಾಸಿ ಗಂಡನಿಗೆ ಮಕ್ಕಳಿಗೆ ಬಡಿಸಿ ತಾನು ಅಡುಗೆಮನೆಗೆ ಹೋಗಿ ನಿಲ್ಲುವಳು. ಎಲ್ಲರೂ ಎದ್ದ ಮೇಲೆ ಒಲೆಕಟ್ಟೆಗೆ ಒರಗಿಕೊಂಡು ಏನೋ ಒಂದಿಷ್ಟು ಬಾಯಿಗೆ ಹಾಕಿಕೊಳ್ಳುವಳು. ಯಾಕೆ ಎಂದರೆ ಗೊತ್ತಿಲ್ಲ, ಕೂತರೆ ಎದೆ ಒತ್ತುತ್ತದೆ ಎನ್ನುತ್ತಿದ್ದಳು. ಇದನ್ನು ಕಂಡು ಚಿಕ್ಕ ಮಗಳು ಹಟ ಹಿಡಿದಳು. ಅಮ್ಮ ಕೂರದೆ ತಾನೂ ತುತ್ತು ಎತ್ತುವುದಿಲ್ಲ ಎಂದಳು. ಬಾಲವಾಡಿಗೆ ಹೋಗುವ ಆ ಮಗುವಿನ ಫ್ರಾಕು ವಾರದಿಂದ ವಾರಕ್ಕೆ ಸಡಿಲವಾಗುತ್ತಿದ್ದುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ.

ಉಸಿರಾಟದ ಪಾಠವನ್ನು ಆಕೆ ಎಲ್ಲರಿಗಿಂತ ಚೆನ್ನಾಗಿ ಕಲಿತಳು. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನೂ ತಪ್ಪದೆ ನುಂಗುತ್ತಿದ್ದಳು. ಒಂದು ದಿನ ನಾನು ಕೈಪಿಡಿ ಮುಚ್ಚಿಟ್ಟು, ನಿಮ್ಮ ಊರಿನಲ್ಲಿದ್ದಿದ್ದರೆ ತಾಯಿ ಸತ್ತ ಮೇಲೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಈ ಪ್ರಶ್ನೆ ನಮ್ಮ ಪ್ರಶ್ನೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಆಕೆ ಚಹಾದ ಲೋಟ ಕೆಳಗಿಟ್ಟು ಬಹಳ ಹೊತ್ತು ಹೇಳಿದಳು. ಮನೆಯ ಬಾಗಿಲು ತೆರೆದಿಡುತ್ತಾರೆ. ಹೆಂಗಸರು ಬಿಳಿ ಮುಸುಕು ಹಾಕಿಕೊಂಡು ಬಂದು ಗೋಡೆಗುಂಟ ಕೂರುತ್ತಾರೆ. ಕುರಾನಿನ ಭಾಗಗಳನ್ನು ಹಂಚಿಕೊಂಡು ಓದಿ ಮುಗಿಸುತ್ತಾರೆ. ಬಂದವರಿಗೆಲ್ಲ ಚಹಾ ಕೊಡುತ್ತಾರೆ, ಅದನ್ನು ಕುಡಿದು ಸತ್ತವರ ಹೆಸರಿನಲ್ಲಿ ಪ್ರಾರ್ಥಿಸಿ ಹೋಗುತ್ತಾರೆ. ಅದಕ್ಕೆ ಫಾತಿಹಾ ಎನ್ನುತ್ತಾರೆ.

"ಇಲ್ಲಿ ಯಾಕೆ ಮಾಡಲಿಲ್ಲ?" ಎಂದೆ.

"ಜನ ಸೇರಿಸಿದರೆ ಮನೆ ಖಾಲಿ ಮಾಡಬೇಕು ಎಂದು ಮಾಲೀಕ ಮೊದಲೇ ಹೇಳಿದ್ದಾನೆ" ಎಂದಳು. "ನಾನು ಜೋರಾಗಿ ಅಳಲೂ ಇಲ್ಲ. ಗೋಡೆ ತೆಳ್ಳಗಿದೆ. ದೀದಿ, ನೀವು ಉಸಿರು ಕಲಿಸಿದ್ದೀರಿ, ಒಳ್ಳೆಯದು. ನನಗೆ ಅರ್ಧ ದಿನಕ್ಕೆ ಒಂದು ಕೋಣೆ ಕೊಡಿಸಿ."

ಆಮೇಲೆ ನಾನು ಉಳಿದ ಮನೆಗಳಲ್ಲೂ ಇದೇ ಪ್ರಶ್ನೆ ಕೇಳಿದೆ. ಫೋನಿನಲ್ಲಿ ಬಂದ ಸಾವು ಇಲ್ಲದ ಮನೆಯೇ ಇರಲಿಲ್ಲ. ಅಣ್ಣ, ಅಜ್ಜಿ, ಮಾವ, ಒಬ್ಬಾಕೆಗೆ ಕೂಸು. ಯಾರ ಸಲುವಾಗಿಯೂ ನಾಲ್ಕು ಜನ ಕೂತು ಅತ್ತಿರಲಿಲ್ಲ. ನಾವು ಮಾತ್ರ ತಿಂಗಳುಗಟ್ಟಲೆ ಅವರ ಭಯವನ್ನು ಅಳೆಯುತ್ತ ಕೂತಿದ್ದೆವು. ಭಯವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಪಕ್ಕದಲ್ಲೇ ಸತ್ತವರು ಕೂತಿದ್ದರು, ಅವರ ಬಗ್ಗೆ ಯಾರೂ ಕೇಳಿರಲಿಲ್ಲ.

ನಾನು ಹಿಂಜವಾಡಿಗೆ ಹೋದೆ. ದಾರಿಯಲ್ಲಿ ವಾಕಡದ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸುಗಳ ನಡುವೆ ಸಿಕ್ಕಿಕೊಂಡು, ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತ ಹೋದೆ. ನಮ್ಮ ಯೋಜನೆಯ ಮುಖ್ಯಸ್ಥರು ಬೆಂಗಳೂರಿನವರು, ಮರ್ಯಾದಸ್ಥರು, ಎಂದೂ ದನಿ ಎತ್ತದವರು. ದನಿ ಎತ್ತದವರ ಜೊತೆ ಜಗಳವಾಡುವುದು ನನಗೆ ಯಾವಾಗಲೂ ಕಷ್ಟ.

"ನಿಮ್ಮ ಫೀಲಿಂಗ್ ನಂಗೆ ಅರ್ಥ ಆಗುತ್ತೆ ಮೇಡಂ" ಎಂದರು. "ಆದ್ರೆ ಇದು ಸ್ಟಡಿ. ಒಂದು ಫ್ಯಾಮಿಲಿಗೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಮಾಡಿದ್ರೆ, ಯಾವುದರಿಂದ ಉಪಯೋಗ ಆಯ್ತು ಅಂತ ಹೇಗೆ ಹೇಳ್ತೀರ?"

"ಎಲ್ಲಾ ಮನಿಗೂ ಮಾಡೋಣ್ರಿ. ಅದನ್ನೂ ಅಳೆಯೋಣ."

"ಅದು ರಿಲಿಜಿಯಸ್ ಪ್ರೋಗ್ರಾಂ ಆಗುತ್ತೆ. ಫಂಡ್ ಕೊಡೋರು ಒಪ್ಪಲ್ಲ."

"ಅಳೂದಕ್ಕ ಫಂಡ್ ಬ್ಯಾಡ್ರಿ. ಬೇಕರಿ ಮ್ಯಾಲಿನ ಕೋಣಿ ಅರ್ಧ ದಿನ ಬಿಟ್ಟುಕೊಡ್ರಿ, ಸಾಕು."

"ಆ ರೂಮೂ ಫಂಡ್‌ನಿಂದಾನೇ ಬಂದಿರೋದು. ಆ ತಾಯಿಯ ಸಂಕಟದ ಸ್ಕೋರ್ ಕಡಿಮೆ ಆಗ್ತಿಲ್ಲ ಅಂದ್ರೆ ರಿಪೋರ್ಟಲ್ಲಿ ಹಾಗೇ ಬರೆಯೋಣ. ನಿಮ್ಮ ಐಡಿಯಾ ಮುಂದಿನ ಪ್ರಪೋಸಲ್‌ಗೆ ಇಟ್ಕೊಳ್ಳಿ."

ಅವರ ಮೊದಲ ಮಾತು ಸುಳ್ಳಲ್ಲ. ಮನಸ್ಸಿಗೆ ತೋಚಿದ್ದನ್ನೆಲ್ಲ ಮಾಡಿ ಗುಣವಾಯಿತೆಂದು ಡಂಗುರ ಹೊಡೆಯುವವರನ್ನು ನಾನೂ ಸಾಕಷ್ಟು ನೋಡಿದ್ದೇನೆ. ಅಳೆಯಬೇಕು. ಆದರೆ ಸಂಶೋಧನೆ ಎಂದರೆ ನಮ್ಮಲ್ಲಿ ಮೊದಲೇ ಸಿದ್ಧವಿರುವ ಪ್ರಶ್ನೆಗೆ ಎದುರಿಗಿರುವವರು ಉತ್ತರ ಕೊಡುವುದಷ್ಟೇ ಅಲ್ಲ. ನಾವು ಕೇಳದ ಪ್ರಶ್ನೆ ಯಾವುದೆಂದು ಅವರು ಹೇಳಿದ ಮೇಲೂ ಕಿವಿ ಮುಚ್ಚಿಕೊಂಡರೆ ಅದನ್ನು ಸಂಶೋಧನೆ ಎಂದು ನಾನು ಕರೆಯಲಾರೆ. ಮುಂದಿನ ಪ್ರಪೋಸಲ್ ಬರುವ ತನಕ ಆ ಮಗು ಹಸಿದಿರಬೇಕೇ? ಇದನ್ನು ಅವರ ಮುಖಕ್ಕೇ ಹೇಳಿದೆ. ಅವರು ಲ್ಯಾಪ್‌ಟಾಪ್ ಕಡೆ ತಿರುಗಿದರು.

ನಮ್ಮ ಸೊಸೈಟಿಯ ಹಾಲ್ ಕೇಳಿದೆ. ಚೇರ್ಮನ್ನರು ಕಲಬುರಗಿ ಕಡೆಯವರು, ಕೊಂಢವಾದಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರು. "ಹಾಲ್ ಶುಭಕಾರ್ಯಕ್ಕ ಅಷ್ಟ ಅದರಿ" ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಇನ್ನು ಉಳಿದದ್ದು ನಮ್ಮ ಮನೆ. ಮನೆಯೆಂದರೆ ನಮ್ಮ ಅತ್ತೆ.

ಅತ್ತೆಗೂ ನನಗೂ ಮೊದಲಿನಿಂದ ಜಟಾಪಟಿ. ಅವರು ವ್ಯಾಪಾರಿಯ ಹೆಂಡತಿಯಾಗಿ ಈ ಊರಿಗೆ ಬಂದವರು, ತರಕಾರಿ ಮಾರುವ ಭಾಜಿವಾಲಿಯನ್ನು ಮರಾಠಿಯಲ್ಲಿ, ನನ್ನನ್ನು ಕನ್ನಡದಲ್ಲಿ ಬೈಯುವವರು. ಮಡಿ ಅವರದು. ಸಾವಿನ ಮನೆಗೆ ಹೋಗಿ ಬಂದರೆ ಹಿತ್ತಲ ಬಾಗಿಲಿಂದ ಬಂದು ತಲೆಗೆ ನೀರು ಹಾಕಿಕೊಳ್ಳದೆ ಏನನ್ನೂ ಮುಟ್ಟುವವರಲ್ಲ. ಅಂಥವರಿಗೆ, ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದಾಗ, ವಿಷಯ ಹೇಳಿದೆ.

"ಮಂದಿ ಮನಿ ಸಾವು ನಮ್ಮ ಮನ್ಯಾಗ ಯಾಕ ತರ್ತಿ?" ಎಂದರು. "ಇಲ್ಲೆ ದೇವರ ಮನಿ ಅದ."

"ದೇವರ ಮನಿ ಬಾಗ್ಲಾ ಹಾಕೋಣ್ರಿ."

"ಬಾಗ್ಲಾ ಹಾಕಿದ್ರ ದೇವರಿಗೆ ಕೇಳ್ಸೂದಿಲ್ಲೇನು?"

"ಕೇಳಿಸ್ಲಿ ಬಿಡ್ರಿ. ಆಕಿ ಅವ್ವನ ಸಲುವಾಗಿ ಅಳ್ತಾಳ, ಕೇಳಿದ್ರ ದೇವರಿಗೇನು ಸಿಟ್ಟು ಬರ್ತದ?"

ಅತ್ತೆ ಮೂಗು ಮುರಿದರು. ಸ್ವಲ್ಪ ಹೊತ್ತು ಸೊಪ್ಪು ಸೋಸಿ, "ಫೋನ್ ಬಂದಾಗ ಆಕಿ ಏನ್ ಮಾಡ್ಲಿಕ್ಕೆ ಹತ್ತಿದ್ಲು?" ಎಂದು ಕೇಳಿದರು.

"ಅಡಿಗಿ ಮಾಡ್ಲಿಕ್ಕೆ ಹತ್ತಿದ್ಲು. ಕಣ್ಣು ಒರೆಸ್ಕೊಂಡು ಅದನ್ನ ಮುಗಿಸಿ ಎಲ್ಲಾರಿಗೂ ಬಡಿಸ್ಯಾಳ."

"ಯಾರು? ಆಕಿನಾ?"

"ಮತ್ಯಾರಿದ್ರು ಅಲ್ಲೆ?"

ಅತ್ತೆಯ ಕೈ ನಿಂತಿತು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಬುತ್ತಿ ತಂದು ಒತ್ತಾಯ ಮಾಡಿ ಉಣಿಸುತ್ತಾರೆ. ವರ್ಷಗಟ್ಟಲೆ ಮಾತು ಬಿಟ್ಟ ಮನೆಗೂ ಅತ್ತೆ ಅನ್ನ ಸಾರು ಹೊತ್ತುಕೊಂಡು ಹೋದದ್ದನ್ನು ನಾನು ನೋಡಿದ್ದೇನೆ. ಅಫಘಾನಿಸ್ತಾನದಲ್ಲೂ ಹಾಗೆಯೇ ಎಂದು ಆ ತಾಯಿ ಹೇಳಿದ್ದಳು.

"ಹಡದವ್ವ ಸತ್ತ ದಿನ ಆಕೀನ ಒಲಿ ಮುಂದ ನಿಂದ್ರಸೀರಿ" ಎಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿತ್ತು, ಮತ್ತು ಆ ಸಿಟ್ಟು ನನ್ನ ಮೇಲೆ. ನಾವು ಎಲ್ಲಿ ನಿಲ್ಲಿಸಿದೆವು ಎಂದು ವಾದಕ್ಕಿಳಿಯುವ ಮುಖ ನನಗಿರಲಿಲ್ಲ. ಅಡುಗೆಮನೆಯಲ್ಲಿ ನಿಲ್ಲುವುದನ್ನು ಕಾಯಿಲೆಯ ಲಕ್ಷಣವೆಂದು ನಾನೇ ವಾರವಾರ ಗುರುತು ಹಾಕಿಕೊಂಡಿದ್ದೆ. ಆಕೆ ಆ ದಿನ ಒಲೆಯ ಮುಂದೆ ನಿಂತವಳು ಅಲ್ಲಿಂದ ಇನ್ನೂ ಹೊರಗೇ ಬಂದಿರಲಿಲ್ಲ.

"ಶುಕ್ರವಾರ ಬ್ಯಾಡ, ಲಕ್ಷ್ಮೀ ವಾರ" ಎಂದು ಅತ್ತೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದರು. "ಗುರುವಾರ ಕರಿ."

ಗುರುವಾರ ಮಧ್ಯಾಹ್ನ ಸೋಫಾಗಳನ್ನು ಮಲಗುವ ಕೋಣೆಗೆ ತಳ್ಳಿ, ಮನೆಯಲ್ಲಿದ್ದ ಗಾದಿ, ಜಮಖಾನೆಗಳನ್ನೆಲ್ಲ ನಡುಮನೆಯ ಗೋಡೆಗುಂಟ ಹಾಸಿದೆವು. ಹತ್ತು ಹನ್ನೆರಡು ಹೆಂಗಸರು ಬಿಳಿ ಮುಸುಕಿನಲ್ಲಿ ಬಂದರು. ವಾಚ್‌ಮನ್ ಅವರನ್ನು ಗೇಟಿನಲ್ಲೇ ತಡೆದ. ಅತ್ತೆ ಕಿಟಕಿಯ ಸರಳು ಹಿಡಿದು "ಸೋಡ ರೇ ತ್ಯಾಂನಾ, ಮಾಝ್ಯಾಕಡೇ ಆಲ್ಯಾತ" ಎಂದು ಮರಾಠಿಯಲ್ಲಿ ಗದರಿದರು. ನನ್ನ ಹತ್ತಿರ ಬಂದಿದ್ದಾರೆ, ಬಿಡು ಎಂದು. ಇಡೀ ಸೊಸೈಟಿಗೆ ಕೇಳಿಸಿತು. ಕೇಳಿಸಲೆಂದೇ ಹಾಗೆ ಕೂಗಿದ್ದು.

ಓದು ಮುಗಿಯುವ ತನಕ ಆ ತಾಯಿ ನೆಟ್ಟಗೆ ಕೂತಿದ್ದಳು. ಮುಗಿದ ಮೇಲೆ ಅಳತೊಡಗಿದಳು. ನಾನು ಅಳುವವರ ಎದುರು ಕೂತು ಕೆಲಸ ಮಾಡಿದವಳು, ಅಂಥ ಅಳು ಕೇಳಿರಲಿಲ್ಲ. ಆಚೀಚೆ ಕೂತವರು ಆಕೆಯನ್ನು ಹಿಡಿದುಕೊಂಡು ತಮ್ಮ ತಮ್ಮ ಸತ್ತವರನ್ನು ಹೆಸರು ಹಿಡಿದು ಕರೆದು ಅತ್ತರು. ನಮ್ಮ ಗೋಡೆಗಳೂ ತೆಳ್ಳಗೇ ಇವೆ. ಅಳಲಿ ಎಂದುಕೊಂಡೆ.

ಅಷ್ಟರಲ್ಲಿ ಅತ್ತೆಯ ಭಜನಾ ಮಂಡಳಿಯ ನಾಲ್ಕು ಜನ ಬಂದರು. ಅತ್ತೆಯೇ ಹೇಳಿ ಕಳಿಸಿದ್ದರೆಂದು ಆಗ ಗೊತ್ತಾಯಿತು. ತಲೆಯ ಮೇಲೆ ಸೆರಗು ಹೊದ್ದು ಒಂದು ಮೂಲೆಯಲ್ಲಿ ಕೂತರು, ಕಣ್ಣೊರೆಸಿಕೊಂಡರು. ಆ ತಾಯಿ ಅಳುವುದನ್ನು ನಿಲ್ಲಿಸಿ, ಥರ್ಮಾಸಿನಿಂದ ಚಹಾ ಬಗ್ಗಿಸಿ, ಟ್ರೇ ಹಿಡಿದು ತಾನೇ ಅವರ ಮುಂದೆ ಬಗ್ಗಿದಳು. ಅವರು ಕೈ ಅಡ್ಡ ಮಾಡಿ ಬೇಡವೆಂದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಎದ್ದು, ಯಾರ ಮುಖವನ್ನೂ ನೋಡದೆ, ಒಂದು ಮಾತನ್ನೂ ಆಡದೆ ಹೊರಟುಹೋದರು.

ಆಕೆ ಟ್ರೇ ಹಿಡಿದು ನಿಂತೇ ಇದ್ದಳು.

"ನನ್ನ ತಾಯಿಯ ಚಹಾವನ್ನು ಕುಡಿಯಲಿಲ್ಲ" ಎಂದಳು. "ನಾವು ಮುಸಲ್ಮಾನರೆಂದೇ?"

ಅವಳ ಸಂಶಯ ಆಧಾರವಿಲ್ಲದ್ದು ಎಂದು ನಾನು ಹೇಳಲಾರೆ. ಬೇರೆ ದಿನ, ಬೇರೆ ಮನೆಯಲ್ಲಿ ಅದು ನಿಜವೇ ಆಗಿರುತ್ತಿತ್ತು. ಆ ನಾಲ್ವರಲ್ಲಿ ಒಬ್ಬರ ಅಡುಗೆಮನೆಯಲ್ಲಿ ಮುಸಲ್ಮಾನರಿಗೆಂದು ಬೇರೆ ಲೋಟ ಇಟ್ಟಿರುವುದು ನನಗೆ ಚೆನ್ನಾಗಿ ಗೊತ್ತು. ಆದರೆ ಆ ದಿನದ್ದು ಅದಲ್ಲ. ದುಃಖದ ಮನೆಗೆ ಹೋದಾಗ ಅಲ್ಲಿ ನೀರನ್ನೂ ಮುಟ್ಟದೆ ಬರುವುದು, ಹೊರಡುವಾಗ 'ಹೋಗಿ ಬರ್ತೀನಿ' ಎನ್ನದೆ ಸುಮ್ಮನೆ ಎದ್ದು ಬರುವುದು ನಮ್ಮವರ ರೂಢಿ. ಅಂಥ ಮನೆಗೆ ಮತ್ತೆ ಬರುತ್ತೇನೆ ಎಂದರೆ ಸಾವನ್ನೇ ಮತ್ತೆ ಕರೆದಂತೆ ಎಂಬ ಅಂಜಿಕೆ. ತಮ್ಮವರ ಸಾವಿಗೆ ನಡೆದುಕೊಳ್ಳುವಂತೆಯೇ ಅವರು ಆಕೆಯ ತಾಯಿಯ ಸಾವಿಗೂ ನಡೆದುಕೊಂಡಿದ್ದರು. ಇದನ್ನು ಆಕೆಗೆ ಬಿಡಿಸಿ ಹೇಳಿದೆ. ಆಕೆ ಕೇಳಿದಳು, ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಟ್ರೇ ಮಾತ್ರ ಕೆಳಗಿಡಲಿಲ್ಲ.

ಅತ್ತೆ ಎದ್ದು ಬಂದು ಒಂದು ಲೋಟ ಎತ್ತಿಕೊಂಡರು.

"ಅವ್ರು ಬಂದು ಹೋಗೋ ಮಂದಿ. ನಾ ಮನಿಯಾಕಿ" ಎಂದು ಹೇಳಿ ನಿಂತಲ್ಲೇ ಪೂರ್ತಿ ಕುಡಿದರು. ಆಮೇಲೆ ನನ್ನ ಕಡೆ ತಿರುಗಿ, "ಸಕ್ರಿ ಹಾಕಿಲ್ಲ" ಎಂದರು. ಇದನ್ನು ನಾನು ಹಿಂದಿಯಲ್ಲಿ ಹೇಳಿದಾಗ ಆಕೆಗೆ ಒದ್ದೆ ಕಣ್ಣಿನಲ್ಲೇ ನಗು ಬಂತು. ನಮ್ಮ ಭಾಷೆಯಲ್ಲಿ 'ಹೋಗಿ ಬರ್ತೀನಿ' ಎನ್ನುವುದನ್ನು ಹೇಗೆ ಹೇಳುತ್ತಾರೆ ಎಂದು ಇನ್ನೊಮ್ಮೆ ಕೇಳಿದಳು. ಹೇಳಿದೆ. ತುಟಿಯಲ್ಲೇ ಎರಡು ಮೂರು ಸಲ ಅಂದುಕೊಂಡಳು.

ಕಚೇರಿಯಲ್ಲಿ ಮುಂದೆ ಏನಾಯಿತೆಂಬುದನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ, ಅದರೊಂದಿಗೆ ಈ ಬರಹ ಮುಗಿಸುವ ಮನಸ್ಸು ನನಗಿಲ್ಲ. ನಡೆದದ್ದನ್ನು ನಾನು ಮುಚ್ಚಿಡಲಿಲ್ಲ. ಮುಖ್ಯಸ್ಥರು ಆ ಕುಟುಂಬವನ್ನು ಅಧ್ಯಯನದಿಂದ ಕೈಬಿಡಿ ಎಂದರು, ಹೊರಗಿನ ಕಾರ್ಯಕ್ರಮ ಬೆರೆತಿದೆಯಂತೆ. ಬೆರೆತದ್ದನ್ನು ಬೆರೆತಿದೆ ಎಂದೇ ಬರೆಯೋಣ, ಇದ್ದವರನ್ನು ಇಲ್ಲವೆಂದು ಯಾಕೆ ಬರೆಯಬೇಕು ಎಂದೆ. ಜಪ್ಪಯ್ಯ ಎಂದರೂ ನಾನು ಒಪ್ಪಲಿಲ್ಲ, ಅವರೂ ಒಪ್ಪಲಿಲ್ಲ. ಕೆಲಸ ಬಿಟ್ಟೆ. ನಾನೇ ಬಿಟ್ಟೆನೋ ಅವರು ಬಿಡಿಸಿದರೋ ಎಂದು ಮನೆಯಲ್ಲಿ ಇನ್ನೂ ಚರ್ಚೆ ಇದೆ. ಈಗ ನಾನು ಮತ್ತು ಹಳೆಯ ಇಬ್ಬರು ವಿದ್ಯಾರ್ಥಿನಿಯರು ಸೇರಿ, ನಿಮ್ಮ ಊರಿನಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂಬ ಅದೇ ಪ್ರಶ್ನೆಯನ್ನು ಸರಿಯಾದ ಕ್ರಮದಲ್ಲಿ ಮನೆಯಿಂದ ಮನೆಗೆ ಹೋಗಿ ಕೇಳುತ್ತಿದ್ದೇವೆ. ಫಾತಿಹಾದಿಂದ ಎಲ್ಲರಿಗೂ ಗುಣವಾಗುತ್ತದೆಂದು ನಾನು ಎಲ್ಲೂ ಹೇಳಿಲ್ಲ. ಮಾಡಿಕೊಂಡ ಕೆಲವರಿಗೆ ಏನೂ ಗುಣವಾಗಿಲ್ಲ, ಅದನ್ನೂ ಬರೆದುಕೊಳ್ಳುತ್ತಿದ್ದೇವೆ. ದುಡ್ಡು ಕೊಡುವವರು ಯಾರೂ ಇಲ್ಲ. ಬೇಡವೆನ್ನುವವರೂ ಇಲ್ಲ.

ಆ ಗುರುವಾರಕ್ಕೆ ಬರುತ್ತೇನೆ. ಹೆಂಗಸರು ಹೊರಡುವ ಹೊತ್ತಿಗೆ ಚೇರ್ಮನ್ನರು ನಮ್ಮ ಬಾಗಿಲಲ್ಲಿ, ಚಪ್ಪಲಿಗಳ ರಾಶಿಯ ನಡುವೆ ನಿಂತಿದ್ದರು.

"ಅಕ್ಕಾರ, ಸೊಸೈಟ್ಯಾಗ ಹಿಂಗ ಹೊರಗಿನ ಮಂದೀನ ಸೇರ್ಸೂದು ಛಲೋ ಅಲ್ರಿ" ಎಂದು ಅತ್ತೆಗೆ ಹೇಳಿದರು. "ಎಲ್ಲಾರೂ ಕೇಳ್ಲಿಕ್ಕೆ ಹತ್ಯಾರ."

"ನಿಮ್ಮ ಅವ್ವ ಸತ್ತಾಗ ಪಾರ್ಕಿಂಗ್‌ನ್ಯಾಗ ಪೆಂಡಾಲ್ ಹಾಕಿದ್ರಿ" ಎಂದರು ಅತ್ತೆ. "ದಿನಾ ಮಂದಿ ಬಂದ್ರು, ಅತ್ರು. ನಮ್ಮ ಗಾಡಿ ತಿಂಗಳಾನಗಟ್ಲೆ ರಸ್ತಾದಾಗ ನಿಂತ್ವು. ಯಾರರ ಕೇಳಿದ್ರೇನ್ರಿ ನಿಮ್ಮನ್ನ?"

ತಿಂಗಳು ಎನ್ನುವುದು ಅತ್ತೆಯ ಉತ್ಪ್ರೇಕ್ಷೆ. ಉಳಿದದ್ದು ನಿಜ, ಚೇರ್ಮನ್ನರು ತಮ್ಮ ತಾಯಿಗಾಗಿ ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ನಾವೆಲ್ಲ ನೋಡಿದ್ದೆವು.

ಆ ತಾಯಿ ಖಾಲಿ ಥರ್ಮಾಸ್ ಹಿಡಿದು ಹೊರಬಂದಳು. ಚೇರ್ಮನ್ನರ ಪಕ್ಕದಲ್ಲೇ ನಿಂತು ಚಪ್ಪಲಿ ಮೆಟ್ಟಿದಳು. ತಿರುಗಿ ಅತ್ತೆಯನ್ನು ನೋಡಿ, ಅದೇ ಕೋರ್ಟಿನ ಗತ್ತಿನಲ್ಲಿ, ಮೆಟ್ಟಿಲ ತನಕ ಕೇಳಿಸುವಂತೆ "ಹೋಗಿ ಬರ್ತೀನ್ರಿ" ಎಂದಳು.

ಚೇರ್ಮನ್ನರು ಬೆಚ್ಚಿದರು. "ಇಂಥಾ ದಿನ ಹಂಗ ಅನಬಾರ್ದವ್ವಾ" ಎಂದರು. ಆಕೆಗೆ ಅವರ ಮಾತು ತಿಳಿಯದಿದ್ದರೂ ಅನ್ನಬಾರದೆಂಬುದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅಂದಿದ್ದಳು. ಇನ್ನೂ ಮೈಮೇಲೆ ನೀರು ಹಾಕಿಕೊಳ್ಳದ ಅತ್ತೆ ಅವರನ್ನು ಒಮ್ಮೆ, ಆಕೆಯನ್ನು ಒಮ್ಮೆ ನೋಡಿದರು.

"ಹೋಗಿ ಬಾ" ಎಂದರು. "ಬರೂವಾಗ ಸಣ್ಣಾಕೀನ್ನೂ ಕರ್ಕೊಂಡು ಬಾ."

ಮುಂದಿನ ಗುರುವಾರ ಆಕೆ ಚಿಕ್ಕವಳ ಕೈ ಹಿಡಿದುಕೊಂಡು ಬಂದಳು. ಅತ್ತೆ ಜೋಳದ ರೊಟ್ಟಿ ಬಡಿದು, ಎಣ್ಣೆಗಾಯಿ ಪಲ್ಯ ಮಾಡಿ, ನಡುಮನೆಯಲ್ಲಿ ಚಾಪೆ ಹಾಸಿ ಎರಡು ತಾಟು ಇಟ್ಟಿದ್ದರು. ಮಗು ಕೂತಿತು. ತಾಯಿ ತನಗೆ ತಿಳಿಯದೆಯೇ ಅಡುಗೆಮನೆಯ ಕಡೆ ನಡೆದಳು. ಅತ್ತೆ ಆ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತರು.

"ಇದು ನನ್ನ ಅಡಿಗಿಮನಿ" ಎಂದರು. "ನೀ ಅಲ್ಲೆ ಕೂಡು."

ಅದನ್ನು ಹಿಂದಿಗೆ ತಿರುಗಿಸುವ ಕೆಲಸ ನನಗೆ ಬೀಳಲಿಲ್ಲ. ಆಕೆ ಸ್ವಲ್ಪ ಹೊತ್ತು ಅತ್ತೆಯ ಎದುರು ನಿಂತಿದ್ದು, ಹಿಂದಿರುಗಿ ಹೋಗಿ ಚಾಪೆಯ ಮೇಲೆ ಕೂತಳು. ಮಗು ತಾಯಿಯ ಮುಖ ನೋಡಿತು, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಿತು.